ಫ್ರಿಸ್ಕೋದ ಮನೆ ಯಾವ ಕೌಂಟಿಯದು?

ನಮ್ಮ ಕೇಸ್ ವಜಾ ಆಗಲು ನಾಲ್ಕು ನಿಮಿಷ ಸಾಕಾಯಿತು. ಬಾಡಿಗೆ ಕೊಡದವರನ್ನು ಮನೆ ಬಿಡಿಸುವ ಕೇಸ್ ಅದು. ಮೂರು ತಿಂಗಳ ಬಾಕಿ. ಲೀಸ್, ನೋಟಿಸ್, ಬ್ಯಾಂಕ್ ಲೆಕ್ಕ ಎಲ್ಲವನ್ನೂ ನಾನೇ ಜೋಡಿಸಿಟ್ಟಿದ್ದೆ. ಬಾಡಿಗೆದಾರ ಎದ್ದು ನಿಂತು ಒಂದೇ ಮಾತು ಹೇಳಿದ: ಮನೆ ಇರುವುದು ಡೆಂಟನ್ ಕೌಂಟಿಯಲ್ಲಿ, ಇದು ಕಾಲಿನ್ ಕೌಂಟಿಯ ಕೋರ್ಟು. (ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ಹಾಗೆ.) ಜಡ್ಜ್ ವಿಳಾಸ ನೋಡಿದರು, ಕಂಪ್ಯೂಟರ್ ನೋಡಿದರು, ನಮ್ಮ ವಕೀಲರ ಮುಖ ನೋಡಿದರು. ಮುಗಿಯಿತು. ಬಾಕಿ ಎಷ್ಟು, ಯಾಕೆ ಕೊಟ್ಟಿಲ್ಲ ಎಂದು ಯಾರೂ ಕೇಳಲೇ ಇಲ್ಲ.

ನಾನು ಟೆಕ್ಸಸ್‌ನಲ್ಲಿ, ಡಲ್ಲಾಸ್‌ನ ಉತ್ತರಕ್ಕೆ, ಒಂದು ಸಣ್ಣ ವಕೀಲರ ಕಚೇರಿಯಲ್ಲಿ ಪ್ಯಾರಾಲೀಗಲ್. ವಕೀಲಿ ಮಾಡುವಂತಿಲ್ಲ, ಸಲಹೆ ಕೊಡುವಂತಿಲ್ಲ. ಕಾಗದ ಸಿದ್ಧ ಮಾಡುವುದು, ಕೋರ್ಟಿಗೆ ಕಳಿಸುವುದು, ತಾರೀಕು ನೆನಪಿಡುವುದು ನನ್ನ ಕೆಲಸ. ಅದಕ್ಕೆ ಮುಂಚೆ ಕರ್ನಾಟಕದ ಒಂದು ತಾಲ್ಲೂಕು ಕೋರ್ಟಿನಲ್ಲಿ ಐದು ವರ್ಷ ಜೂನಿಯರ್ ಆಗಿದ್ದೆ. ಅಲ್ಲಿ ಒಬ್ಬರೇ ಜಡ್ಜ್. ಬೋರ್ಡಿನ ಮೇಲೆ 'ಸಿವಿಲ್ ಜಡ್ಜ್ ಮತ್ತು ಜೆಎಂಎಫ್‌ಸಿ' ಎಂದಿರುತ್ತಿತ್ತು, ಎಂದರೆ ಸಿವಿಲ್ ಜಡ್ಜೂ ಅವರೇ, ಮ್ಯಾಜಿಸ್ಟ್ರೇಟೂ ಅವರೇ. ತಡೆಯಾಜ್ಞೆ ದಾವೆಯೂ ಅವರ ಮುಂದೆ, ಚೆಕ್ ಬೌನ್ಸ್ ಕೇಸೂ ಅವರ ಮುಂದೆ. ತಪ್ಪು ಕೋರ್ಟಿಗೆ ದಾವೆ ಹಾಕಿದರೆ ಶಿರಸ್ತೇದಾರರೇ ಕಣ್ಣು ಕೆಂಪಗೆ ಮಾಡಿ ಅಬ್ಜೆಕ್ಷನ್ ಬರೆಯುತ್ತಿದ್ದರು. ಅವರ ಕಣ್ಣು ತಪ್ಪಿಸಿ ಒಳಗೆ ಹೋದರೂ, ಸರಿಯಾದ ಕೋರ್ಟಿಗೆ ಕೊಡಿ ಎಂದು ಜಡ್ಜ್ ದಾವೆಯನ್ನು ವಾಪಸ್ ಕೊಡುವುದಕ್ಕೆ ನಮ್ಮ ಸಿವಿಲ್ ಪ್ರೊಸೀಜರ್ ಕೋಡ್‌ನಲ್ಲೇ ದಾರಿ ಇದೆ. ಇಲ್ಲಿ ಹಾಗಲ್ಲ. ನಾನು ಆನ್‌ಲೈನಿನಲ್ಲಿ ಹಾಕಿದ ಅರ್ಜಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಒಳಗೆ ಹೋಗಿಬಿಟ್ಟಿತ್ತು.

ಫ್ರಿಸ್ಕೋ ಊರು ಎರಡು ಕೌಂಟಿಗಳಲ್ಲಿ ಹರಡಿಕೊಂಡಿದೆ. ಪೂರ್ವದ ಭಾಗ ಕಾಲಿನ್, ಪಶ್ಚಿಮದ್ದು ಡೆಂಟನ್. ಅಂಚೆ ವಿಳಾಸದಲ್ಲಿ ಎರಡೂ ಕಡೆ ಫ್ರಿಸ್ಕೋ ಎಂದೇ ಇರುತ್ತದೆ. ನಮ್ಮ ಹಿಂದಿನ ನಾಲ್ಕು ಫ್ರಿಸ್ಕೋ ಕೇಸುಗಳು ಕಾಲಿನ್‌ನಲ್ಲಿದ್ದವು, ಹಾಗಾಗಿ ನಾನು ಐದನೆಯದನ್ನೂ ಅಲ್ಲೇ ಹಾಕಿದೆ. ಸುಮ್ನೆ ಹಳೇ ಅರ್ಜಿಯನ್ನು ಕಾಪಿ ಮಾಡಿ ಹೆಸರು ಬದಲಿಸಿದ್ದು. ಮನೆ ಬಿಡಿಸುವ ಕೇಸನ್ನು ಮನೆ ಯಾವ ಪ್ರೀಸಿಂಕ್ಟ್‌ನಲ್ಲಿದೆಯೋ (ಕೌಂಟಿಯೊಳಗಿನ ವಿಭಾಗ) ಅಲ್ಲಿನ ಜಸ್ಟಿಸ್ ಆಫ್ ದಿ ಪೀಸ್ ಎನ್ನುವ ಕೆಳಹಂತದ ಕೋರ್ಟಿನಲ್ಲೇ ಹಾಕಬೇಕು ಎನ್ನುವುದು ಇಲ್ಲಿನ ನಿಯಮ. ಬೇರೆ ಕಡೆ ಹಾಕಿದರೆ ಜಡ್ಜ್ ವಜಾ ಮಾಡಲೇಬೇಕು. ಕಟ್ಟಿದ ಕೋರ್ಟ್ ಫೀ ವಾಪಸ್ ಬರುವುದಿಲ್ಲ.

ಇಲ್ಲಿನ ವ್ಯವಸ್ಥೆಯನ್ನು ಊರಿನ ಲೆಕ್ಕದಲ್ಲಿ ಅಳೆಯಲು ಹೋಗಿ ನಾನು ಎಡವಿದ್ದೇ ಜಾಸ್ತಿ. ಟೆಕ್ಸಸ್‌ನಲ್ಲಿ 254 ಕೌಂಟಿಗಳಿವೆ. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ 2020ರ ಜನಗಣತಿಯಂತೆ 47 ಲಕ್ಷಕ್ಕೂ ಹೆಚ್ಚು ಜನ. ಲವಿಂಗ್ ಕೌಂಟಿಯಲ್ಲಿ 64. ಲಕ್ಷ ಅಲ್ಲ, ಬರೀ 64 ಜನ. ಎರಡಕ್ಕೂ ರಾಜ್ಯದ 1876ರ ಸಂವಿಧಾನ ತಲಾ ಒಂದು ಕೌಂಟಿ ಕೋರ್ಟನ್ನೂ ಒಬ್ಬ ಕೌಂಟಿ ಜಡ್ಜ್‌ನ್ನೂ ಕೊಟ್ಟಿದೆ.

ಆ ಕೌಂಟಿ ಜಡ್ಜ್ ಎನ್ನುವ ಹೆಸರೇ ದೊಡ್ಡ ಮೋಸ. ಅವರು ವಕೀಲರಾಗಿರಬೇಕಿಲ್ಲ, ರಾಜ್ಯದ ಕಾನೂನು ಚೆನ್ನಾಗಿ ತಿಳಿದಿದ್ದರೆ ಸಾಕು. ನಾಲ್ಕು ವರ್ಷಕ್ಕೊಮ್ಮೆ ಪಕ್ಷದ ಹೆಸರಿನಲ್ಲೇ ಚುನಾವಣೆಗೆ ನಿಲ್ಲುತ್ತಾರೆ. ನಾಲ್ವರು ಕಮಿಷನರ್‌ಗಳ ಜೊತೆ ಕೂತು ರಸ್ತೆ, ಬಜೆಟ್, ತೆರಿಗೆ ದರ ತೀರ್ಮಾನಿಸುತ್ತಾರೆ. ಆ ಸಭೆಯನ್ನೂ 'ಕಮಿಷನರ್ಸ್ ಕೋರ್ಟ್' ಎಂದೇ ಕರೆಯುತ್ತಾರೆ, ಅಲ್ಲಿ ಒಂದು ಕೇಸೂ ನಡೆಯುವುದಿಲ್ಲ. 2020ರಲ್ಲಿ ಕೊರೊನಾ ಬಂದಾಗ ಮನೆಯಲ್ಲೇ ಇರಿ ಎಂದು ಆದೇಶ ಹೊರಡಿಸಿದ್ದು ಈ ಕೌಂಟಿ ಜಡ್ಜ್‌ಗಳೇ. ನಮ್ಮ ಜಿಲ್ಲಾಧಿಕಾರಿಯನ್ನೂ ಜಿಲ್ಲಾ ಪಂಚಾಯಿತಿ ಅಧ್ಯಕ್ಷರನ್ನೂ ಒಂದೇ ಕುರ್ಚಿಯಲ್ಲಿ ಕೂರಿಸಿ ಅದಕ್ಕೆ ಜಡ್ಜ್ ಎಂದು ಹೆಸರಿಟ್ಟ ಹಾಗೆ. ಸಣ್ಣ ಕೌಂಟಿಗಳಲ್ಲಿ ಇವರು ಕೇಸನ್ನೂ ಕೇಳುತ್ತಾರೆ. ನಮ್ಮ ಕಡೆಯ ದೊಡ್ಡ ಕೌಂಟಿಗಳಲ್ಲಿ ಆಡಳಿತದಲ್ಲೇ ಸಾಕುಬೇಕಾಗುತ್ತದೆ, ಅದಕ್ಕೇ ಕೇಸುಗಳಿಗೆ ಶಾಸನ ಸಭೆ ಬೇರೆ 'ಕೌಂಟಿ ಕೋರ್ಟ್ ಅಟ್ ಲಾ' ಮಾಡಿಕೊಟ್ಟಿದೆ. ಅಲ್ಲಿನ ಜಡ್ಜ್‌ಗಳು ವಕೀಲರೇ ಆಗಿರಬೇಕು.

ಕೆಳಗಿನಿಂದ ಹೇಳಿದರೆ ಸುಲಭ. ಜನ ಮೊದಲು ಮುಟ್ಟುವುದು ಜಸ್ಟಿಸ್ ಆಫ್ ದಿ ಪೀಸ್, ಬಾಯಲ್ಲಿ ಜೆಪಿ. 50,000ಕ್ಕಿಂತ ಹೆಚ್ಚು ಜನರಿರುವ ಕೌಂಟಿಯನ್ನು ನಾಲ್ಕರಿಂದ ಎಂಟು ಪ್ರೀಸಿಂಕ್ಟ್‌ಗಳಾಗಿ ಹಂಚಿ, ಪ್ರತಿಯೊಂದಕ್ಕೂ ಜೆಪಿ ಕೊಟ್ಟಿರುತ್ತಾರೆ. ಇವರೂ ಚುನಾವಣೆಯಲ್ಲಿ ಗೆದ್ದು ಬಂದವರು, ಇವರೂ ವಕೀಲರಾಗಿರಬೇಕಿಲ್ಲ. 20,000 ಡಾಲರ್‌ವರೆಗಿನ ಹಣದ ತಕರಾರು, ಮನೆ ಬಿಡಿಸುವ ಕೇಸು, ಟ್ರಾಫಿಕ್ ಟಿಕೆಟ್, ಬರೀ ದಂಡದಲ್ಲಿ ಮುಗಿಯುವ ಸಣ್ಣ ಅಪರಾಧ ಇವರ ಪಾಲು. 2020ರ ಸೆಪ್ಟೆಂಬರ್‌ವರೆಗೆ ಹಣದ ಮಿತಿ 10,000 ಇತ್ತು. ಮದುವೆಯನ್ನೂ ಮಾಡಿಸುತ್ತಾರೆ. ನಮ್ಮ ಕೇಸ್ ವಜಾ ಆದ ಬೆಳಿಗ್ಗೆ ಹೊರಗೆ ಒಂದು ಜೋಡಿ ಹೂಗುಚ್ಛ ಹಿಡಿದು ಕಾಯುತ್ತಿತ್ತು. ಬೀದಿಗೆ ಬೀಳುವವರೂ ಸಂಸಾರ ಹೂಡುವವರೂ ಒಂದೇ ಬೆಂಚಿನಲ್ಲಿ.

ಅದರ ಮೇಲೆ ಕೌಂಟಿ ಕೋರ್ಟ್ ಅಟ್ ಲಾ. ಹಣದ ಕೇಸುಗಳಿಗೆ ಸಾಮಾನ್ಯವಾಗಿ ಇಲ್ಲೂ ಒಂದು ಮಿತಿ ಇದೆ. ಆದರೆ ಒಂದೊಂದು ಕೌಂಟಿಗೂ ಕಾಯ್ದೆಯಲ್ಲಿ ಬೇರೆ ಬೇರೆ ಸೆಕ್ಷನ್ ಇದೆ. ಡಲ್ಲಾಸ್ ಕೌಂಟಿಯಲ್ಲಿ ಮಿತಿಯೇ ಇಲ್ಲ. ಹಾಗಾಗಿ ಒಂದು ಕೌಂಟಿಯಲ್ಲಿ ಕಲಿತದ್ದನ್ನು ಪಕ್ಕದ ಕೌಂಟಿಗೆ ಹೊತ್ತುಕೊಂಡು ಹೋಗಬಾರದು. ಒಂದು ವರ್ಷದವರೆಗಿನ ಜೈಲು ಶಿಕ್ಷೆಯ ಅಪರಾಧಗಳೂ ಕೌಂಟಿ ಮಟ್ಟದವೇ. ಕುಡಿದು ಗಾಡಿ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ ಹೆಚ್ಚಾಗಿ ಇಲ್ಲಿಗೇ ಬರಬೇಕು. ದಂಡ ಕಟ್ಟಿ ಮನೆಗೆ ಹೋಗುವ ಟ್ರಾಫಿಕ್ ಟಿಕೆಟ್ ಇದು ಎಂದುಕೊಂಡು ಫೋನ್ ಮಾಡುವ ನಮ್ಮ ಹುಡುಗರು ಬೇಕಾದಷ್ಟು. ಅಲ್ಲ ಕಣಪ್ಪಾ, ವೀಸಾ ಇದೆ, ಮೊದಲು ವಕೀಲರ ಹತ್ತಿರ ಮಾತಾಡು ಎನ್ನುವುದಷ್ಟೇ ನಾನು ಹೇಳಬಹುದು. ಅದಕ್ಕೂ ಮೇಲೆ ಡಿಸ್ಟ್ರಿಕ್ಟ್ ಕೋರ್ಟ್: ದೊಡ್ಡ ಅಪರಾಧ, ವಿಚ್ಛೇದನ, ಜಮೀನಿನ ಹಕ್ಕಿನ ತಕರಾರು.

ಜೆಪಿ ತೀರ್ಪು ಒಪ್ಪಿಗೆಯಾಗದಿದ್ದರೆ ಅಪೀಲು ಕೌಂಟಿ ಕೋರ್ಟಿಗೆ. ಈ ಅಪೀಲು ನಮ್ಮೂರಿನ ಅಪೀಲಿನ ಹಾಗಲ್ಲ. ಜೆಪಿ ಕೋರ್ಟಿನಲ್ಲಿ ನಡೆದದ್ದನ್ನು ಯಾರೂ ದಾಖಲೆ ಮಾಡಿಕೊಂಡಿರುವುದಿಲ್ಲ, ಅದಕ್ಕೇ ಮೇಲೆ ಎಲ್ಲ ಹೊಸದಾಗಿ ಶುರು. ಸಾಕ್ಷಿ ಮತ್ತೆ ಬರಬೇಕು, ಕಾಗದ ಮತ್ತೆ ತೋರಿಸಬೇಕು. ಮನೆ ಬಿಡಿಸುವ ಕೇಸಿನಲ್ಲಿ ಅಪೀಲಿಗೆ ಐದೇ ದಿನ, ಹಣದ ಕೇಸಿನಲ್ಲಿ 21 ದಿನ. ಸಮನ್ಸ್‌ಗೆ ಉತ್ತರ ಕೊಡುವ ಲೆಕ್ಕ ಇನ್ನೂ ಮಜವಾಗಿದೆ. ಜೆಪಿ ಕೋರ್ಟಿನ ಹಣದ ಕೇಸಿನಲ್ಲಿ 14 ದಿನ. ಕೌಂಟಿ ಮತ್ತು ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ 20 ದಿನ ಕಳೆದ ಮೇಲೆ ಬರುವ ಸೋಮವಾರ ಬೆಳಿಗ್ಗೆ 10 ಗಂಟೆ. ಸೋಮವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಕಚೇರಿಯಲ್ಲಿ ನನ್ನನ್ನು ಯಾರೂ ಕಾಫಿಗೆ ಕರೆಯುವುದಿಲ್ಲ.

ಕಳೆದ ವರ್ಷ ಒಂದು ಕುಟುಂಬ ಬಂದಿತ್ತು. ಯಜಮಾನರು ವಿಲ್ ಬರೆಯದೆ ತೀರಿಕೊಂಡಿದ್ದರು. ಮಗ ಕೇಳಿದ, "ಮೇಡಂ, ಊರಲ್ಲಿ ನಮ್ಮ ಚಿಕ್ಕಪ್ಪ ನಾಡಕಚೇರಿಗೆ ಹೋಗಿ ವಂಶವೃಕ್ಷ ಮಾಡಿಸಿಕೊಡ್ತಾರೆ. ಅದು ಸಾಕಲ್ವಾ?" ಸಾಲದು. ಇಲ್ಲಿ ವಾರಸುದಾರರು ಯಾರು ಎನ್ನುವುದನ್ನು ಸಾಮಾನ್ಯವಾಗಿ ಕೋರ್ಟೇ ಹೇಳಬೇಕು. ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರು ಬಂದು ಕುಟುಂಬದ ಕಥೆ ಹೇಳಬೇಕು. ಗೊತ್ತಿಲ್ಲದ ವಾರಸುದಾರ ಎಲ್ಲಾದರೂ ಇದ್ದಾರೇನೋ ಎಂದು ಅವರ ಪರವಾಗಿ ಕೋರ್ಟು ಒಬ್ಬ ವಕೀಲರನ್ನೂ ನೇಮಿಸುತ್ತದೆ. ಇಲ್ಲದ ಮನುಷ್ಯನಿಗೆ ವಕೀಲರು, ಅವರ ಫೀಸು ಆಸ್ತಿಯಿಂದಲೇ. ಆ ತಾಯಿಗೆ ಇದನ್ನು ವಿವರಿಸಿದ ದಿನ ನನಗೇ ಸಂಕಟವಾಯಿತು. "ನಮ್ಮೆಜಮಾನ್ರಿಗೆ ಇನ್ಯಾರಮ್ಮ ಇದ್ರು?" ಎಂದರು. ಇಂಥ ಅರ್ಜಿಗೆ ಡಲ್ಲಾಸ್, ಕಾಲಿನ್, ಡೆಂಟನ್ ಕೌಂಟಿಗಳಲ್ಲಿ ಪ್ರತ್ಯೇಕ ಪ್ರೊಬೇಟ್ ಕೋರ್ಟ್ ಇದೆ. ಸಣ್ಣ ಕೌಂಟಿಯಲ್ಲಾದರೆ ಅದೇ ಕೌಂಟಿ ಜಡ್ಜ್ ಮುಂದೆ.

ಕಚೇರಿಗಳೂ ಹಾಗೇ, ಒಂದೇ ಕಡೆ ಇಲ್ಲ. ಡಿಸ್ಟ್ರಿಕ್ಟ್ ಕೋರ್ಟಿನ ಕಡತ ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ, ಕೌಂಟಿ ಕೋರ್ಟಿನದು ಕೌಂಟಿ ಕ್ಲರ್ಕ್ ಹತ್ತಿರ. ಮನೆಯ ಕ್ರಯಪತ್ರ, ಮದುವೆ ಲೈಸೆನ್ಸ್ ಕೂಡ ಕೌಂಟಿ ಕ್ಲರ್ಕ್ ಹತ್ತಿರವೇ. ಸಬ್ ರಿಜಿಸ್ಟ್ರಾರ್ ಕಚೇರಿ ಕೋರ್ಟಿನ ಕೌಂಟರಿನಲ್ಲೇ ಕೂತ ಹಾಗೆ.

ಇನ್ನು ಫ್ರಿಸ್ಕೋ ಮನೆಯ ಕಥೆ. ಮಾಲೀಕರು ಮೈಸೂರು ಕಡೆಯ ಹಿರಿಯರು. ಅವರಿಗೆ ಫೋನ್ ಮಾಡುವ ಕೆಲಸ ನನ್ನ ಪಾಲಿಗೇ ಬಂತು, ಬರಲೇಬೇಕಿತ್ತು. ತಪ್ಪು ನನ್ನದು ಸರ್ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಲ್ಲಮ್ಮಾ, ಮನೆ ಅಲ್ಲೇ ಇದೆ, ಅವನೂ ಒಳಗೇ ಇದ್ದಾನೆ. ಇದರಲ್ಲಿ ಕೌಂಟಿ ಎಲ್ಲಿಂದ ಬಂತು?" ಎಂದರು. ಹೊಸ ನೋಟಿಸ್ ಕೊಟ್ಟು, ಡೆಂಟನ್‌ನಲ್ಲಿ ಹೊಸದಾಗಿ ಅರ್ಜಿ ಹಾಕಿದೆವು. ಅರ್ಜಿ ಹಾಕಿದ 10ರಿಂದ 21 ದಿನದೊಳಗೆ ವಿಚಾರಣೆ ಇಡಬೇಕು ಎಂದು ನಿಯಮವಿದ್ದರೂ, ಎಲ್ಲ ಸೇರಿ ಅವರಿಗೆ ಇನ್ನೊಂದು ತಿಂಗಳ ಬಾಡಿಗೆ ಹೋಯಿತು. ಎರಡನೇ ಸಲದ ಫೀಸನ್ನು ನಮ್ಮ ವಕೀಲರು ಅವರಿಂದ ತೆಗೆದುಕೊಳ್ಳಲಿಲ್ಲ. ನನಗೆ ಬೈಯಲೂ ಇಲ್ಲ. ಅದೇ ಜಾಸ್ತಿ ಚುಚ್ಚಿತು.

ಈಗ ನನ್ನ ಫಾರಂನಲ್ಲಿ ಹೆಸರಿಗಿಂತ ಮೇಲಿನ ಸಾಲು ಕೌಂಟಿಯದು, ಅದರ ಕೆಳಗೆ ಪ್ರೀಸಿಂಕ್ಟ್. ಅಂಚೆ ವಿಳಾಸ ನಂಬುವುದಿಲ್ಲ. ಆಸ್ತಿ ತೆರಿಗೆಗೆ ಮನೆಯ ಬೆಲೆ ಕಟ್ಟುವ ಅಪ್ರೈಸಲ್ ಡಿಸ್ಟ್ರಿಕ್ಟ್ ವೆಬ್‌ಸೈಟಿನಲ್ಲಿ ಮನೆ ಹುಡುಕಿ, ಆ ಪುಟವನ್ನು ಫೈಲಿಗೆ ಹಾಕುತ್ತೇನೆ. ಹೊಸದಾಗಿ ಸೇರಿದ ಹುಡುಗ ಮೊನ್ನೆ ಕೌಂಟಿ ಎನ್ನುವ ಜಾಗದಲ್ಲಿ 'ಡಲ್ಲಾಸ್' ಎಂದು ಬರೆದು ತಂದ. ಡಲ್ಲಾಸ್ ಊರು ಐದು ಕೌಂಟಿಗಳಲ್ಲಿ ಹರಡಿದೆ, ಇದರಲ್ಲಿ ಯಾವುದು ಎಂದು ಕೇಳಿ ವಾಪಸ್ ಕಳಿಸಿದೆ. ಶಿರಸ್ತೇದಾರರ ದನಿ ನನ್ನ ಗಂಟಲಲ್ಲೇ ಕೇಳಿಸಿತು.

ಡೆಂಟನ್‌ನಲ್ಲಿ ಕೇಸ್ ಗೆದ್ದೆವು. ಐದು ದಿನ ಕಳೆದರೂ ಅಪೀಲು ಬರಲಿಲ್ಲ. ಆದೇಶ ಜಾರಿಗೆ ಕಾನ್‌ಸ್ಟೇಬಲ್ ಬರುತ್ತಾರೆ ಎಂದು ಮಾಲೀಕರಿಗೆ ಹೇಳಿದೆ. ಬರೀ ಕಾನ್‌ಸ್ಟೇಬಲ್ಲಾ, ಇನ್‌ಸ್ಪೆಕ್ಟರ್ ಯಾರೂ ಬರಲ್ವಾ ಎಂದು ಕೇಳಿದರು. ಇಲ್ಲಿ ಕಾನ್‌ಸ್ಟೇಬಲ್ ಎಂದರೆ ಪ್ರೀಸಿಂಕ್ಟಿಗೆ ಒಬ್ಬರೇ, ಅವರೂ ಓಟಿನಲ್ಲಿ ಗೆದ್ದು ಬಂದವರು, ಅವರ ಕೈಕೆಳಗೆ ಡೆಪ್ಯುಟಿಗಳೇ ಇರುತ್ತಾರೆ ಎಂದು ವಿವರಿಸಿದೆ. ನಂಬಿದ ಹಾಗೆ ಕಾಣಲಿಲ್ಲ. ಬಾಗಿಲಿಗೆ 24 ಗಂಟೆಯ ನೋಟಿಸ್ ಅಂಟಿಸಿ ಹೋದ ದಿನ ಸಂಜೆ ಮಾಲೀಕರೇ ಫೋನ್ ಮಾಡಿದರು. "ಬಂದಿದ್ರಮ್ಮಾ. ಡೆಪ್ಯುಟಿ ಅಂತೆ. ನೋಡಿದ್ರೆ ಎಸ್‌ಪಿ ಸಾಹೇಬ್ರ ಥರ ಇದ್ರು!"