ಚಿಕ್ಕ ರಣದಲ್ಲಿ ಎಳ್ಳ ಅಮಾವಾಸ್ಯೆ

ಎಳ್ಳ ಅಮಾವಾಸ್ಯೆಗೆ ಊರು ಬಿಟ್ಟಿರುವ ರಾಯಚೂರು, ಕೊಪ್ಪಳದವರಿಗೆ ಅಡುಗೆಯ ತೊಡಕಿಲ್ಲ, ಹೊಲದ್ದೇ ತೊಡಕು. ನಿಂತ ಬೆಳೆ ಇಲ್ಲದೆ ಚರಗ, ಅಂದರೆ ಭೂಮಿತಾಯಿಗೆಂದು ಹೊಲದಲ್ಲಿ ಎರಚುವ ಹಬ್ಬದ ಅಡುಗೆ, ಚೆಲ್ಲುವುದೆಲ್ಲಿ? ಕಾಡುಕತ್ತೆ ನೋಡಲು ಗುಜರಾತಿನ ಕಛ್‌ನ ಚಿಕ್ಕ ರಣಕ್ಕೆ (ಉಪ್ಪು ನೆಲದ ಬಯಲು) ಕಾರು ಕಟ್ಟಿಕೊಂಡು ಹೊರಟವರು ಅಮಾವಾಸ್ಯೆಯ ದಿನ ದಸಾಡಾ, ಬಜಾಣಾ ಸುತ್ತಿನ ಯಾವುದಾದರೂ ಹಳ್ಳಿಯಲ್ಲಿರುವಂತೆ ಲೆಕ್ಕ ಹಾಕಿಕೊಂಡರೆ ಕೆಲಸ ಅರ್ಧ ಮುಗಿದಂತೆ. ಆಗ ಅಲ್ಲಿ ಜೀರಿಗೆ, ಗೋಧಿ, ಔಡಲ ಹೊಲದಲ್ಲಿರುತ್ತವೆ. ಪಂಚಾಂಗದ ತಕರಾರೂ ಇಲ್ಲ. ಗುಜರಾತಿನಲ್ಲೂ ಅಮಾವಾಸ್ಯೆಗೇ ತಿಂಗಳು ಮುಗಿಯುವುದರಿಂದ ನಮ್ಮ ಮಾರ್ಗಶಿರವೇ ಅವರ ಮಾಗಶರ.

ಸೊಲ್ಲಾಪುರ, ಪುಣೆ, ಸೂರತ್, ಅಹಮದಾಬಾದ್ ಹಾದು 1,200 ಕಿ.ಮೀ. ಮೇಲಿನ ದಾರಿ. ಹೂರಣದ ಹೋಳಿಗೆ ಎರಡನೇ ದಿನಕ್ಕೇ ಹಳಸುತ್ತದೆ, ಶೇಂಗಾ ಹೋಳಿಗೆ ಒಯ್ಯಿರಿ. ಹುರಿದು ಸಿಪ್ಪೆ ತೆಗೆದ ಅರ್ಧ ಕಿಲೋ ಶೇಂಗಾಕ್ಕೆ 400 ಗ್ರಾಂ ಬೆಲ್ಲ, 50 ಗ್ರಾಂ ಹುರಿದ ಎಳ್ಳು, ನಾಲ್ಕು ಏಲಕ್ಕಿ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಶೇಂಗಾ ಎಣ್ಣೆ ಬಿಟ್ಟು, ಲಟ್ಟಿಸುವಾಗ ಕಣಕ ಹರಿಯುತ್ತದೆ. ಬಿಸಿ ಇರುವಾಗ ಡಬ್ಬಿ ಮುಚ್ಚಿದರೆ ಬೆವತು ಬೂಸು ಬರುತ್ತದೆ. ಎಳ್ಳು ಹಚ್ಚಿದ ಕಡಕ್ ಸಜ್ಜೆ ರೊಟ್ಟಿಯನ್ನು ಅಗಲ ಡಬ್ಬಿಯಲ್ಲಿ ಮಲಗಿಸಿ, ಸಂದಿಗೆ ಹತ್ತಿ ಬಟ್ಟೆ ತುರುಕಿ. ಇಲ್ಲವಾದರೆ ರಸ್ತೆಯ ಕುಲುಕಿಗೆ ಪುಡಿಯೇ ಸಿಗುವುದು. ಶೇಂಗಾ ಹಿಂಡಿಯಲ್ಲಿ ಒಂದು ಪಾಲು ಬೆಳ್ಳುಳ್ಳಿ ಇಲ್ಲದೆ ಕುಟ್ಟಿಡಿ, ಅಲ್ಲಿ ಬೆಳ್ಳುಳ್ಳಿ ಮುಟ್ಟದ ಮನೆಗಳೂ ಇವೆ. ಕಡುಬಿಗೆ ಸಜ್ಜೆ ಹಿಟ್ಟು ಮಾತ್ರ ಹೊತ್ತುಕೊಂಡು ಹೋಗಬೇಡಿ. ಅದು ಬೇಗ ಕಹಿಯಾಗುತ್ತದೆ. ಬಾಜರಿ ರೋಟಲೊ, ಅಂದರೆ ಸಜ್ಜೆ ರೊಟ್ಟಿ, ತಿನ್ನುವ ಸೀಮೆ ಅದು, ತಾಜಾ ಹಿಟ್ಟಿಗೆ ಬರವಿಲ್ಲ.

1973ರಲ್ಲಿ ಘೋಷಿಸಿದ ಕಾಡುಕತ್ತೆ ಅಭಯಾರಣ್ಯ ಸುಮಾರು 5,000 ಚದರ ಕಿ.ಮೀ. ಇದೆ. ಪರವಾನಗಿ ಪಡೆದು, ಸ್ಥಳೀಯರ ಜೀಪಿನಲ್ಲೇ ಹೋಗಿ. ರಣದ ನೆಲ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಳಗೆ ಹಸಿ ಕೆಸರು. ಗೊತ್ತಿಲ್ಲದವರ ಕಾರು ಅಚ್ಚಿನವರೆಗೆ ಹೂತರೆ ಎಳೆಯಲು ಟ್ರ್ಯಾಕ್ಟರ್ ಬರಬೇಕು. ಘುಡಖರ (ಕಾಡುಕತ್ತೆಗೆ ಅಲ್ಲಿನ ಹೆಸರು) ಹಿಂಡು ಕಂಡಾಗ ಬೆನ್ನಟ್ಟಿಸಬೇಡಿ. ಗಂಟೆಗೆ 60–70 ಕಿ.ಮೀ. ಓಡಬಲ್ಲ ಪ್ರಾಣಿ ಅದು. ನಿಂತರೆ ಅದೂ ನಿಂತು ನೋಡುತ್ತದೆ, ಓಡಿಸಿದರೆ ಧೂಳಷ್ಟೇ ಉಳಿಯುತ್ತದೆ. ಹತ್ತರೊಳಗೆ ಹಳ್ಳಿಗೆ ಮರಳಿದರೆ ಮಧ್ಯಾಹ್ನದ ಪೂಜೆಗೆ ವೇಳೆ ಸಾಕು.

ಅಭಯಾರಣ್ಯದೊಳಗೆ ಚರಗ ಬೇಡವೇ ಬೇಡ. ಹೊರಗಿನ ಹೊಲಕ್ಕೂ ಒಡೆಯನ ಒಪ್ಪಿಗೆ ಹಿಂದಿನ ದಿನವೇ ಬೇಕು. ನೀಲಗಾಯಿ, ಹಂದಿ, ಕಾಡುಕತ್ತೆಗಳನ್ನು ರಾತ್ರಿಯಿಡೀ ಓಡಿಸುವ ಮನುಷ್ಯನಿಗೆ 'ನಿಮ್ಮ ಹೊಲದಲ್ಲಿ ಅನ್ನ ಎರಚುತ್ತೇವೆ' ಅಂದರೆ ಹೇಗಾದೀತು, ಯೋಚಿಸಿ! 'ಕಾಕಾ, ಭೂಮಿತಾಯಿಯ ಪೂಜೆ, ಒಂದು ಬುಟ್ಟಿಯಷ್ಟೇ' ಎಂದು ಬಿಡಿಸಿ ಹೇಳಿದರೆ ಒಪ್ಪುತ್ತಾರೆ. ಐದು ಕಲ್ಲನ್ನು ಪಾಂಡವರೆಂದು ಕೂಡಿಸಲು ಬನ್ನಿ ಮರ ಬೇಕಿದ್ದರೆ 'ಖೀಜಡೊ ಎಲ್ಲಿದೆ' ಎಂದು ಕೇಳಿ; ಕಣ್ಣಿಗೆ ಬೀಳುವ ಮುಳ್ಳುಕಂಟಿಯೆಲ್ಲ ಬನ್ನಿಯಲ್ಲ, ಬಹುಪಾಲು ನಮ್ಮದೇ ಬಳ್ಳಾರಿ ಜಾಲಿ. ಐದು ಕಲ್ಲು ಸಿಗದಿದ್ದರೆ ಐದು ಹೆಂಟೆಗೆ ಸುಣ್ಣ ಬಳಿದರೂ ನಡೆಯುತ್ತದೆ.

ಎಲ್ಲ ಅಡುಗೆಯನ್ನೂ ಚೂರು ಚೂರು ಮುರಿದು ಮಜ್ಜಿಗೆ ಅನ್ನದಲ್ಲಿ ಕಲಸಿ. ಹೊಲವನ್ನು ಬಲಕ್ಕೆ ಸುತ್ತುತ್ತ ಮುಂದಿನವರು 'ಹುಲ್ಲುಲ್ಲಿಗೋ' ಎಂದು ಚೆಲ್ಲಲಿ, ಹಿಂದಿನವರು ತಂಬಿಗೆಯ ನೀರು ಚಿಮುಕಿಸಲಿ. ನಡೆಯುವುದು ಬದುವಿನ ಮೇಲೆಯೇ, ಜೀರಿಗೆ ತುಳಿದರೆ ಮತ್ತೆ ಏಳುವ ಬೆಳೆಯಲ್ಲ. ತೆಳ್ಳಗೆ ಎರಚಿ. ಗುಡ್ಡೆ ಬಿದ್ದರೆ ಆ ರಾತ್ರಿ ಹಂದಿಗೆ ಹಬ್ಬ, ಕಾಕಾನ ಪಾಲಿಗೆ ಜಾಗರಣೆ.

ಹೊಲದವರು ತಟ್ಟೆಯಲ್ಲಿ ಚಹಾ ಸುರಿದು ಕೊಡುತ್ತಾರೆ, ಆಮೇಲೆ ರೋಟಲೊ, ಬೆಣ್ಣೆ, ಬೆಲ್ಲ. ಬೇಡ ಅನ್ನಬೇಡಿ, ಊಟದಲ್ಲಿ ನಿಮ್ಮ ರೊಟ್ಟಿಯ ಪಕ್ಕ ಅದನ್ನೂ ಇಟ್ಟುಕೊಳ್ಳಿ. ಕೋಣೆಗೆ ಬಾಡಿಗೆ ಇದ್ದರೆ ತಪ್ಪದೆ ಕೊಡಿ. ಊಟಕ್ಕೆ ದುಡ್ಡು ಕೈಗಿಟ್ಟರೆ ನೊಂದುಕೊಳ್ಳುತ್ತಾರೆ, ಅದರ ಬದಲು ಹೋಳಿಗೆ ಡಬ್ಬಿಯನ್ನು ಆ ಮನೆಯ ಮಕ್ಕಳ ಕೈಗೆ ಕೊಟ್ಟು ಬನ್ನಿ.