ಹೊನ್ನಿಯ ಬೇಟೆ ಬುದ್ಧಿ: ಕಡಲೆ ಹೊಲದಿಂದ ತೊಗರಿ ಹೊಲದವರೆಗೆ

ಫೆಬ್ರವರಿ

ಹೊನ್ನಿ ಎರಡು ವರ್ಷದ ಮುಧೋಳ ಹೆಣ್ಣುನಾಯಿ. ಧಾರವಾಡದ ಅಂಚಿನಲ್ಲಿ ನಮ್ಮ ಮನೆ, ಹಿತ್ತಲು ದಾಟಿದರೆ ಹೊಲ. ಮನೆಯೊಳಗೆ ಇವಳಷ್ಟು ಸಾಧು ಯಾರೂ ಇಲ್ಲ, ಹಗಲಿಡೀ ದಿವಾನದ ಮೇಲೆ ಬಿದ್ದಿರುತ್ತಾಳೆ. ಹೊರಗೆ ಏನಾದರೂ ಸರಕ್ಕನೆ ಸರಿದರೆ ಮಾತ್ರ ಬೇರೆಯೇ ನಾಯಿ. ಕಡಲೆ ಕಿತ್ತಾಗಿದೆ, ಹೊಲ ಬಯಲಾಗಿದೆ, ಮೊಲಗಳು ದೂರದಿಂದಲೇ ಕಾಣುತ್ತಿವೆ. ತರಬೇತಿ ಶುರು ಮಾಡಲು ಇದೇ ಸಮಯ.

ಬೇಟೆ ಬುದ್ಧಿ ಬಿಡಿಸುವ ಆಸೆ ನನಗಿಲ್ಲ. ಮುಧೋಳದ ಘೋರ್ಪಡೆ ಅರಸರ ಪೋಷಣೆಯಲ್ಲಿ ಹೆಸರಾದ ತಳಿ ಇದು. ಮೊಲದ ಬೆನ್ನು ಹತ್ತುವುದೇ ಇದರ ಕಸುಬು. ಜೋರಾಗಿ ಓಡುವಾಗ ಒಂದೊಂದು ನೆಗೆತದ ಸುತ್ತಿನಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಇಂಥದ್ದಕ್ಕೆ ಓಡಬೇಡ ಅಂದರೆ ಹೇಗೆ? ನೋಡಿದ ಕೂಡಲೇ ಓಡಬೇಡ, ಒಮ್ಮೆ ನನ್ನ ಕಡೆ ತಿರುಗು. ಇಷ್ಟು ಕಲಿತರೆ ನನಗೆ ಸಾಕು.

ಸಲಕರಣೆ: ಹತ್ತು ಮೀಟರ್ ಹಗ್ಗ, ಎದೆಪಟ್ಟಿ, ಸೀಟಿ, ಬೇಯಿಸಿದ ಕೋಳಿ ತುಂಡು. ಉದ್ದ ಹಗ್ಗವನ್ನು ಕೊರಳಪಟ್ಟಿಗೆ ಕಟ್ಟುವುದಿಲ್ಲ. ಆ ವೇಗದಲ್ಲಿ ಹಗ್ಗ ಬಿಗಿದರೆ ಕುತ್ತಿಗೆಗೇ ಪೆಟ್ಟು. ಇವುಗಳ ತಲೆ ಕಿರಿದು, ಕುತ್ತಿಗೆ ದಪ್ಪ. ಮಾಮೂಲಿ ಪಟ್ಟಿಯಿಂದ ಹಿಂದಕ್ಕೆ ಜಗ್ಗಿ ಸಲೀಸಾಗಿ ನುಸುಳಿಕೊಳ್ಳುತ್ತವೆ. ಅದಕ್ಕೇ ಪೇಟೆಯಲ್ಲಿ ಅಡ್ಡಾಡುವಾಗ ಎಳೆದರೆ ಬಿಗಿಯುವ ಅಗಲದ ಮಾರ್ಟಿಂಗೇಲ್ ಪಟ್ಟಿ.

ಮಾರ್ಚ್

ಮೊದಲು ಅಳಿಲು. ಬೇವಿನ ಮರದ ಬುಡದಲ್ಲಿ ಬೇಕಾದಷ್ಟಿವೆ, ಹೊನ್ನಿಗೆ ಸಿಗುವ ಪೈಕಿಯಲ್ಲ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಡ.

ನಾಯಿಯ ಬೇಟೆಗೆ ಒಂದು ಸರಣಿಯಿದೆ: ಗುರುತಿಸು, ದಿಟ್ಟಿಸು, ಹೊಂಚು, ಅಟ್ಟು, ಹಿಡಿ, ಕೊಲ್ಲು, ಸೀಳು, ತಿನ್ನು. ತಳಿ ಬೆಳೆಸಿದವರು ಇದರಲ್ಲಿ ಒಂದನ್ನು ಹಿಗ್ಗಿಸಿ ಇನ್ನೊಂದನ್ನು ಕುಗ್ಗಿಸಿದ್ದಾರೆ. ಕುರಿ ಕಾಯುವ ಬಾರ್ಡರ್ ಕೋಲಿಯಲ್ಲಿ ದಿಟ್ಟಿಸುವುದು, ಹೊಂಚುವುದು ಜಾಸ್ತಿ. ಲ್ಯಾಬ್ರಡಾರ್ ಬಾಯಲ್ಲಿ ಮೆತ್ತಗೆ ಹಿಡಿದು ತರುತ್ತದೆ. ಮುಧೋಳದಲ್ಲಿ ಹಿಗ್ಗಿರುವುದು ಅಟ್ಟುವ ಹಂತ. ಒಮ್ಮೆ ಅಟ್ಟಲು ಶುರುವಾದರೆ ಕಿವಿ ಇದ್ದೂ ಇಲ್ಲದಂತೆ. ಆಗ ಹೆಸರು ಹಿಡಿದು ಕೂಗಿದರೆ ಹೆಸರೂ ಸವೆದು ಹೋಗುತ್ತದೆ, ಅಷ್ಟೇ.

ಆದರೆ ಅದಕ್ಕೂ ಮೊದಲು ಒಂದು ಗಳಿಗೆ ಸಿಗುತ್ತದೆ. ಹೊನ್ನಿಯ ಬಾಯಿ ಮುಚ್ಚುತ್ತದೆ, ಏದುಸಿರು ನಿಲ್ಲುತ್ತದೆ, ಬಾಲ ಗಟ್ಟಿಯಾಗುತ್ತದೆ, ಮುಂಗಾಲು ಒಂದು ಮೇಲೇಳುತ್ತದೆ. ಸೀಟಿ ಊದಬೇಕಾದ್ದು ಆಗಲೇ. ಮೊದಮೊದಲು ಮರದಿಂದ ತುಂಬ ದೂರ ನಿಂತು ಊದುತ್ತಿದ್ದೆ. ಒಂದು ಕಿವಿ ನನ್ನತ್ತ ಹೊರಳಿದರೂ ಕೋಳಿ ತುಂಡು. ತಿರುಗಿ ನೋಡಿದರೆ ಇನ್ನೂ ಜಾಸ್ತಿ. ಆಮೇಲೆ ಗೊತ್ತಾಯಿತು, ಇವಳಿಗೆ ತಿಂಡಿಗಿಂತ ಓಟವೇ ದೊಡ್ಡ ಬಹುಮಾನ. ತುಂಡನ್ನು ಕೈಯಲ್ಲಿ ಕೊಡುವುದು ಬಿಟ್ಟು ಹುಲ್ಲಿನ ಮೇಲೆ ಉರುಳಿಸಲು ಶುರು ಮಾಡಿದೆ. ಅದರ ಹಿಂದೆ ಓಡಿ ಹಿಡಿದು ತಿನ್ನುತ್ತಾಳೆ. ಅಳಿಲಿನತ್ತ ಬೆನ್ನು ಹಾಕಿದರೂ ಬೇಟೆ ತಪ್ಪಲಿಲ್ಲ ಅಲ್ವಾ!

ಏಪ್ರಿಲ್

ಬಿದಿರಿನ ಗಳು, ತುದಿಗೆ ಹಗ್ಗ, ಹಗ್ಗಕ್ಕೆ ಬಟ್ಟೆ ಚಿಂದಿ. ಇದನ್ನು ನೆಲಕ್ಕೆ ತಾಗಿಸಿ ಸುತ್ತಲೂ ಎಳೆದಾಡುವ ಆಟ. ಚಿಂದಿ ನೀಲಿ ಬಣ್ಣದ್ದು. ನಾಯಿಗೆ ಕೆಂಪು, ಹಸಿರಿನ ನಡುವೆ ವ್ಯತ್ಯಾಸ ಸರಿಯಾಗಿ ಕಾಣದು, ಹುಲ್ಲಿನಲ್ಲಿ ಕೆಂಪು ಚಿಂದಿ ಕಳೆದುಹೋಗುತ್ತದೆ. 'ನಿಲ್' ಅಂದಾಗ ನಿಂತರೆ ಮಾತ್ರ ಚಿಂದಿ ಮತ್ತೆ ಓಡುತ್ತದೆ. ಚಿಂದಿ ಓಡುತ್ತಿರುವಾಗಲೇ ನಿಲ್ಲಿಸುವುದು ಇದರ ಮುಂದಿನ ಮೆಟ್ಟಿಲು. ಅದು ಅರ್ಧಂಬರ್ಧ ಬಂದಿದೆ. ಬಿಸಿಲು ವಿಪರೀತ, ಹಾಗಾಗಿ ಬೆಳಗಿನ ಹೊತ್ತು ಮಾತ್ರ, ಅದೂ ಸ್ವಲ್ಪವೇ. ಮೈ ಕಾದರೂ ತಾನಾಗಿ ನಿಲ್ಲುವ ಬುದ್ಧಿ ಇವಳಿಗಿಲ್ಲ.

ಊರಿನ ಹಿರಿಯರೊಬ್ಬರು ನೋಡಿ ನಕ್ಕರು. 'ಬೇಟೆ ನಾಯಿ ತಂದು ಮೊಲ ಬಿಡು ಅಂತ ಕಲಿಸ್ತೀರಾ?' ಅಂದರು. ಹಿಂದೆ ಊರಲ್ಲಿ ನಾಯಿ ಕಟ್ಟಿಕೊಂಡು ಮೊಲಕ್ಕೆ ಹೋಗುವುದು ಮಾಮೂಲಿಯಾಗಿತ್ತು, ನಿಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊಲ್ಲುವುದನ್ನಷ್ಟೇ ಬೇಟೆ ಅನ್ನುವುದಿಲ್ಲ. ನಾಯಿ ಬಿಟ್ಟು ಅಟ್ಟಿಸುವುದು, ಅದಕ್ಕೆ ಪ್ರಯತ್ನಿಸುವುದು ಕೂಡ ಅದರಲ್ಲಿ ಬೇಟೆಯೇ. ಕಾಯ್ದೆ ಪಕ್ಕಕ್ಕಿಡಿ. ಮೊಲ ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲಿ ನೆಲದ ಮೇಲೇ ಮರಿ ಹಾಕುತ್ತದೆ. ಮರಿಗಳಿಗೆ ಇರುವ ರಕ್ಷಣೆಯೆಂದರೆ ಅಲುಗಾಡದೆ ಮಲಗುವುದು. ಹುಲ್ಲಲ್ಲಿ ಮೂಗು ಹಾಕಿ ಹುಡುಕುವ ನಾಯಿಯ ಮುಂದೆ ಅದು ನಡೆಯುವುದಿಲ್ಲ.

ಜುಲೈ

ಮಳೆ. ಹುಲ್ಲು ಸೊಂಟದವರೆಗೆ. ಉಡ ಕಂಡಿತು, ಹೊನ್ನಿ ಸೀಟಿಗೆ ತಿರುಗಿದಳು. ಖುಷಿಯಾಯಿತು, ಆದರೆ ಉಡ ನಿಧಾನಕ್ಕೆ ಹೋಗುತ್ತಿತ್ತು ಅನ್ನುವುದನ್ನೂ ಬರೆದಿಡಬೇಕು. ಇವಳ ಕಣ್ಣಿಗೆ ಬೇಕಾದ್ದು ವೇಗ.

ಮುಂಗುಸಿ ಬೇರೆ ಲೆಕ್ಕ. ಅದು ಓಡಿ, ನಿಂತು, ತಿರುಗಿ ಬೀಳುತ್ತದೆ. ಕಚ್ಚಿದರೆ ರೇಬಿಸ್ ಭಯವೂ ಇದೆ. ಹೊನ್ನಿಗೆ ರೇಬಿಸ್ ಲಸಿಕೆ, ಡಿಸ್ಟೆಂಪರ್ ಲಸಿಕೆ ಎರಡೂ ತಪ್ಪದೆ ಹಾಕಿಸುತ್ತೇವೆ. ಡಿಸ್ಟೆಂಪರ್ ನಾಯಿಯಿಂದ ಕಾಡುಪ್ರಾಣಿಗೂ ದಾಟಬಲ್ಲದು. 2018ರಲ್ಲಿ ಗಿರ್ ಕಾಡಿನಲ್ಲಿ ಸಿಂಹಗಳು ಸತ್ತಾಗ ಅವುಗಳಲ್ಲಿ ಸಿಕ್ಕಿದ್ದು ಇದೇ ವೈರಸ್. ಇನ್ನು ಹಾವಿಗಾಗಿ, ಕತ್ತಲಾದ ಮೇಲೆ ಹುಲ್ಲಿನ ಕಡೆ ಹೋಗುವುದೇ ನಿಲ್ಲಿಸಿದ್ದೇವೆ. ಕೊಳಕುಮಂಡಲದ ಮುಂದೆ ಯಾವ ಸೀಟಿಯನ್ನೂ ನಾನು ನಂಬುವುದಿಲ್ಲ.

ಅಕ್ಟೋಬರ್

ಈಗ ಎಲ್ಲಿದ್ದೇವೆ? ಅಳಿಲಿಗೆ ಸೀಟಿ ಹೆಚ್ಚುಕಡಿಮೆ ಖಾತ್ರಿ. ಕೆಲವೊಮ್ಮೆ ನಾನು ಊದುವ ಮೊದಲೇ ಹೊನ್ನಿ ಮರ ನೋಡಿ, ನನ್ನನ್ನು ನೋಡಿ, ತುಂಡು ಯಾವ ಕಡೆ ಉರುಳುತ್ತದೆ ಅಂತ ಕಾಯುತ್ತಾಳೆ. ನವಿಲು ನೆಲದ ಮೇಲಿದ್ದರೆ ಪರವಾಗಿಲ್ಲ, ರೆಕ್ಕೆ ಬಡಿದರೆ ಕಷ್ಟ. ಮೊಲ ದೂರದಲ್ಲಿ ಕೂತಿದ್ದರೆ ತಿರುಗುತ್ತಾಳೆ. ಕಾಲ ಬಳಿಯಿಂದಲೇ ಎದ್ದು ಓಡಿದರೆ ಹಗ್ಗವೇ ಗತಿ. ಮನೆಯವರೆಲ್ಲ ಒಪ್ಪಿದ ನಿಯಮ: ಬೇಲಿಯಿರುವ ಹಿತ್ತಲಲ್ಲಿ ಮಾತ್ರ ಬಿಡುಗಡೆ, ಹೊಲದಲ್ಲಿ ಯಾವತ್ತೂ ಹಗ್ಗ. ಮಗಳಿಗೆ ಇದು ಜಿಪುಣತನ ಅನಿಸಿದೆ.

ತೊಗರಿ ಈಗ ಎತ್ತರ ನಿಂತಿದೆ, ಕಣ್ಣಿಗೆ ಏನೂ ಬೀಳುವುದಿಲ್ಲ. ಅದು ಕೊಯ್ಲಾಗುವಷ್ಟರಲ್ಲಿ ಓಡುವ ಚಿಂದಿಗೆ 'ನಿಲ್' ಗಟ್ಟಿಯಾಗಬೇಕು. ಬಿದಿರು ಬಿಟ್ಟು, ಸೈಕಲ್ ಗಾಲಿಗೆ ಹಗ್ಗ ಸುತ್ತಿ ಚಿಂದಿಯನ್ನು ನೇರವಾಗಿ ಎಳೆಯುವ ಯಂತ್ರವೊಂದನ್ನು ಮಾಡುತ್ತಿದ್ದೇನೆ. ಗಾಲಿ ಸಿಕ್ಕಿದೆ, ಹಿಡಿಕೆ ಬೆಸುಗೆ ಹಾಕಿಸುವುದು ಬಾಕಿ.