ಎಂಟು ಜೋಡಿ ಶೂ, ಒಂದೇ ಸದ್ದು

ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆಯ ಜನಪದ ಕುಣಿತವಾದ ಕ್ಲಾಗಿಂಗ್‌ನಲ್ಲಿ ಕುಣಿಯುವವರೇ ತಾಳ ನುಡಿಸುವವರು. ಫಿಡಲ್, ಬ್ಯಾಂಜೋ ರಾಗ ಹಿಡಿದರೆ ತಾಳ ಶೂಗಳದ್ದು. ಎಂಟು ಜನರಲ್ಲಿ ಇಬ್ಬರ ಹೆಜ್ಜೆ ಕೂದಲೆಳೆಯಷ್ಟು ತಡವಾದರೆ ಕಣ್ಣಿಗೆ ಗೊತ್ತಾಗದಿರಬಹುದು, ಕಿವಿಗೆ ಮಾತ್ರ ಜಲ್ಲಿ ಸುರಿದಂತೆ ಕೇಳುತ್ತದೆ. ಹಾಗಾಗಿ ತಂಡದ ಅಭ್ಯಾಸವೆಂದರೆ ಮುಕ್ಕಾಲು ಪಾಲು ಕಿವಿಯ ಅಭ್ಯಾಸ.

ಎಲ್ಲಕ್ಕೂ ಮೂಲ ಬೇಸಿಕ್ ಹೆಜ್ಜೆ: ಡಬಲ್ ಸ್ಟೆಪ್, ರಾಕ್ ಸ್ಟೆಪ್. ಎಣಿಕೆ ‘ಆ್ಯಂಡ್-ಅ-ಒನ್, ಆ್ಯಂಡ್-ಟೂ’. ‘ಆ್ಯಂಡ್’ಗೆ ಪಾದದ ಮುಂಭಾಗ ನೆಲ ಸವರಿ ಮುಂದೆ ಹೋಗಬೇಕು, ‘ಅ’ಗೆ ಸವರಿಕೊಂಡೇ ಹಿಂದೆ ಬರಬೇಕು, ‘ಒನ್’ಗೆ ಅದೇ ಕಾಲಿನ ಮೇಲೆ ಭಾರ, ಇದು ಡಬಲ್ ಸ್ಟೆಪ್. ಮುಂದಿನ ‘ಆ್ಯಂಡ್’ಗೆ ಇನ್ನೊಂದು ಕಾಲಿನ ಪಾದದ ತುದಿ ತುಸು ಹಿಂದೆ ಊರಿ, ‘ಟೂ’ಗೆ ಮೊದಲಿನ ಕಾಲಿಗೇ ಮರಳಬೇಕು, ಇದು ರಾಕ್ ಸ್ಟೆಪ್. ಸವರುವಾಗ ದೇಹ ಮೇಲೇಳುತ್ತದೆ, ಬಡಿತಕ್ಕೆ ಮೊಣಕಾಲು ಬಾಗಿ ಇಳಿಯುತ್ತದೆ. ಮೂರು ಡಬಲ್ ಸ್ಟೆಪ್, ಕೊನೆಗೊಂದು ರಾಕ್ ಸ್ಟೆಪ್ ಸೇರಿದರೆ ಟ್ರಿಪಲ್. ಎರಡು ಡಬಲ್, ಎರಡು ರಾಕ್ ಆದರೆ ಫ್ಯಾನ್ಸಿ ಡಬಲ್. ಎರಡೂ ನಾಲ್ಕು ಬಡಿತದವು.

ಹೊಸಬರು ಎಡವುವುದು ಸವರುವಲ್ಲೇ. ತೊಡೆಯಿಂದ ಕಾಲು ಬೀಸಿದರೆ ಪಾದ ಒಂದಡಿ ದೂರ ಹೋಗುತ್ತದೆ, ವಾಪಸ್ ಬರುವಷ್ಟರಲ್ಲಿ ‘ಒನ್’ ದಾಟಿರುತ್ತದೆ. ಚಲನೆ ಮೊಣಕಾಲಿನಿಂದ ಕೆಳಗಿರಲಿ, ಕಣಕಾಲು ಸಡಿಲವಿರಲಿ, ಗೇಣುದ್ದಕ್ಕಿಂತ ಹೆಚ್ಚು ಬೇಡ. ರಾಕ್‌ನಲ್ಲಿ ಹಿಂದಿನ ಕಾಲಿಗೆ ಪೂರ್ತಿ ಭಾರ ಬಿಟ್ಟರೆ ಮುಂದಿನ ಹೆಜ್ಜೆಗೆ ಮರಳಲು ತಡವಾಗುತ್ತದೆ. ಮೊಣಕಾಲು ಬಿಗಿಹಿಡಿದು ಇಳಿದರೆ ಸದ್ದು ಗಡಸು, ಜೊತೆಗೆ ಮುಂಗಾಲಿನ ಮೂಳೆ ನೋವು.

ಪಕ್ಕದವರ ಕಾಲು ನೋಡಿ ಹೆಜ್ಜೆ ಇಡುವುದು ತಂಡಕ್ಕೆ ದೊಡ್ಡ ಕೆಡುಕು. ನೋಡಿ ಮಾಡಿದ್ದು ಯಾವಾಗಲೂ ಹಿಂದೆಯೇ. ಎಲ್ಲರೂ ಬೆನ್ನು ತಿರುಗಿಸಿ ನಿಂತು, ಸಂಗೀತವಿಲ್ಲದೆ, ಬಾಯಲ್ಲಿ ಎಣಿಸುತ್ತ ಮಾಡಿ. ಫೋನನ್ನು ನೆಲದ ಮೇಲಿಟ್ಟು ಸದ್ದು ಮಾತ್ರ ರೆಕಾರ್ಡ್ ಮಾಡಿ ಕೇಳಿ. ಯಾವ ಹೆಜ್ಜೆಯಲ್ಲಿ ಕಲಸುತ್ತದೆಂದು ಅಲ್ಲೇ ಸಿಗುತ್ತದೆ. ವೇಗ ನಿಮಿಷಕ್ಕೆ 110–120 ಬಡಿತದಿಂದ ಶುರುವಾಗಲಿ, ಐದೈದೇ ಏರಲಿ. ಹೋಡೌನ್ ಎಂಬ ಬಿರುಸಿನ ಕುಣಿತದಲ್ಲಿ ವೇಗ 140 ದಾಟುತ್ತದೆ, ಅಲ್ಲಿ ತಪ್ಪು ತಿದ್ದಲು ಪುರುಸೊತ್ತಿಲ್ಲ. ಸಾಲು ತಿರುಗುವಾಗ ಹೊರತುದಿಯವರು ದೊಡ್ಡ ಹೆಜ್ಜೆ ಹಾಕಿ ಹಿಂದುಳಿಯುತ್ತಾರೆ. ಒಳತುದಿಯವರು ಬಹುತೇಕ ನಿಂತಲ್ಲೇ ಕುಣಿದರೆ ಸಾಲು ಉಳಿಯುತ್ತದೆ.

ಟ್ಯಾಪ್‌ಗಳ ವಿಚಾರದಲ್ಲಿ ರಾಜಿ ಬೇಡ. ಕ್ಲಾಗಿಂಗ್‌ನ ಡಬಲ್ ಟ್ಯಾಪ್‌ನಲ್ಲಿ ಎರಡು ಲೋಹದ ತಗಡು: ಒಂದು ಶೂಗೆ ಬಿಗಿಯಾಗಿ ಕೂತಿದ್ದರೆ, ಇನ್ನೊಂದು ಸಡಿಲವಾಗಿ ಅದಕ್ಕೆ ಬಡಿದು ಝಣಗುಡುತ್ತದೆ. ಇಂಥ ಜೋಡಿ ಪ್ರತಿ ಶೂಗೆ ಎರಡು, ಮುಂದೊಂದು, ಹಿಮ್ಮಡಿಗೊಂದು. ತಂಡದಲ್ಲೊಬ್ಬರು ಒಂಟಿ ತಗಡಿನ ಟ್ಯಾಪ್ ಹಾಕಿದರೂ ಅವರ ಸದ್ದು ಬೇರೆಯಾಗಿಯೇ ಕೇಳುತ್ತದೆ. ರಬ್ಬರ್ ಅಡಿ ಸವರುವಾಗ ನೆಲ ಕಚ್ಚುತ್ತದೆ, ಚರ್ಮದ್ದೇ ಒಳ್ಳೆಯದು. ಕಾಂಕ್ರೀಟ್ ಮೇಲೆ ಕುಣಿಯಬೇಡಿ. ಪ್ಲೈವುಡ್ ಹಾಸಿದರೆ ಹಲಗೆಗಳ ಸಂದಿಗೆ ಟೇಪ್ ಬಿಗಿಯಲೇಬೇಕು, ಎದ್ದ ಅಂಚು ಟ್ಯಾಪ್ ಹಿಡಿದು ಮುಗ್ಗರಿಸುವಂತೆ ಮಾಡುತ್ತದೆ.

ಹೀಗೆ ಎಲ್ಲರ ಕಾಲೂ ಒಂದೇ ತೆರ ನಡೆಯುವ ‘ಪ್ರಿಸಿಷನ್’ ಶೈಲಿ ಈಚಿನದು. ಜನಪದ ಸಂಗೀತಗಾರ ಬ್ಯಾಸ್ಕಮ್ ಲಾಮರ್ ಲನ್ಸ್‌ಫರ್ಡ್ 1928ರಲ್ಲಿ ನಾರ್ತ್ ಕೆರೊಲೈನಾದ ಆ್ಯಶ್‌ವಿಲ್‌ನಲ್ಲಿ ಆರಂಭಿಸಿದ ಉತ್ಸವದ ತಂಡಗಳು ಜೋಡಿಗಳಾಗಿ ವೃತ್ತ ಕಟ್ಟಿ ಸ್ಕ್ವೇರ್ ಡ್ಯಾನ್ಸ್ ಎಂಬ ಜೋಡಿ ಕುಣಿತದ ರೂಪಗಳನ್ನು ಮಾಡುತ್ತಿದ್ದವು. ಸ್ಯಾಮ್ ಕ್ವೀನ್ ಅವರ ಸೋಕೋ ಗ್ಯಾಪ್ ತಂಡ 1939ರಲ್ಲಿ ಬ್ರಿಟನ್ನಿನ ರಾಜದಂಪತಿಗಳೆದುರು ಶ್ವೇತಭವನದಲ್ಲಿ ಕುಣಿದದ್ದೂ ಈ ಪರಂಪರೆಯಲ್ಲೇ. ರೂಪ ಎಲ್ಲರದ್ದು, ಕಾಲುಗೆಲಸ ಅವರವರದು. ಇಂದಿಗೂ ಫ್ರೀಸ್ಟೈಲ್ ಹೋಡೌನ್‌ನಲ್ಲಿ ಹಾಗೆಯೇ, ಆದರೆ ಬಡಿತಕ್ಕೆ ಇಳಿಯುವ ಹೆಜ್ಜೆ ಅಲ್ಲೂ ಎಲ್ಲರದ್ದೂ ಒಟ್ಟಿಗೇ ಬೀಳಬೇಕು.

ವೇದಿಕೆ ಹತ್ತುವ ಮುನ್ನ ಪ್ರತಿ ಟ್ಯಾಪನ್ನೂ ಬೆರಳಿನಿಂದ ಅಲುಗಿಸಿ ನೋಡಿ. ಅಲುಗಬೇಕಾದ್ದು ಹೊರತಗಡು ಮಾತ್ರ. ಒಳತಗಡೂ ಅಲುಗಿದರೆ ಆ ಶೂ ಬದಲಿಸಿ.